ಬಿದಿರೂ ಹುಲ್ಲೇ, ಆದರೆ ಹುಲ್ಲಿನ ವಂಶವೃಕ್ಷ ಮರದ ಹಾಗಿಲ್ಲ

ಪ್ರಶ್ನೆ: ಬಿದಿರು, ಕಬ್ಬು, ಭತ್ತ, ಗರಿಕೆ ಎಲ್ಲವೂ ಒಂದೇ ಕುಟುಂಬದ ಹುಲ್ಲುಗಳು ಎಂದು ಓದಿದೆ. ಆಳೆತ್ತರ ಮೀರಿ ಬೆಳೆಯುವ ಬಿದಿರಿಗೂ ಕಾಲಡಿಯ ಗರಿಕೆಗೂ ಏನು ಸಂಬಂಧ? ಇದನ್ನು ಯಾರು, ಯಾವ ಆಧಾರದ ಮೇಲೆ ತೀರ್ಮಾನಿಸುತ್ತಾರೆ? ಸಜ್ಜೆಗೆ ಹಳೆಯ ಪುಸ್ತಕದಲ್ಲಿ ಪೆನ್ನಿಸೀಟಮ್ ಎಂದಿದೆ, ಹೊಸದರಲ್ಲಿ ಸೆಂಕ್ರಸ್ ಎಂದಿದೆ. ಯಾವುದು ಸರಿ? ಗೋಧಿಯ ಜೀನೋಮ್ ಮನುಷ್ಯನದಕ್ಕಿಂತ ಐದು ಪಟ್ಟು ದೊಡ್ಡದು ಎನ್ನುವುದು ನಿಜವೇ? ಒಂದು ಹುಲ್ಲಿಗೆ ಅಷ್ಟೆಲ್ಲ ಯಾಕೆ ಬೇಕು?

ಉತ್ತರ: ಎತ್ತರವನ್ನು ಮೊದಲು ಮರೆತುಬಿಡಿ. ಗಿಡಗಳ ನೆಂಟಸ್ತಿಕೆ ಹುಡುಕುವಾಗ ಎತ್ತರ, ದಪ್ಪ, ಗಟ್ಟಿತನ ಇವೆಲ್ಲ ಮೋಸ ಮಾಡುವ ಗುರುತುಗಳು. ಬಿದಿರಿನ ಉಪಕುಟುಂಬದಲ್ಲೇ ರಾಡಿಯೆಲ್ಲಾ ಎಂಬ ಕುಲವಿದೆ. ದಕ್ಷಿಣ ಅಮೆರಿಕದ ಕಾಡಿನ ನೆಲದಲ್ಲಿ ಬೆಳೆಯುವ ಅದರ ಕೆಲವು ಪ್ರಭೇದಗಳು ಬೆರಳುದ್ದವೂ ಇರುವುದಿಲ್ಲ. ಇನ್ನು ನಮಗೆ ಗೊತ್ತಿರುವ ದೊಡ್ಡ ಬಿದಿರು ಮರದಂತೆ ಕಂಡರೂ ಮರದ ಕೆಲಸ ಮಾಡುವುದಿಲ್ಲ. ಮರ ವರ್ಷ ವರ್ಷವೂ ದಪ್ಪವಾಗುತ್ತದೆ. ಬಿದಿರಿನ ಕಳಲೆ ನೆಲದಿಂದ ಹೊರಬರುವಾಗ ಎಷ್ಟು ದಪ್ಪವಿತ್ತೋ ಕೊನೆಯವರೆಗೂ ಅಷ್ಟೇ. ಆಮೇಲೆ ಉದ್ದವಾಗುವುದು, ಗಟ್ಟಿಯಾಗುವುದು ಮಾತ್ರ.

ಹಾಗಾದರೆ ಏನು ನೋಡಬೇಕು? ಕಾಂಡದಲ್ಲಿ ಗೆಣ್ಣು ನೋಡಿ. ಗೆಣ್ಣುಗಳ ನಡುವೆ ಸಾಮಾನ್ಯವಾಗಿ ಟೊಳ್ಳು. ಎಲೆಯ ಬುಡ ಕಾಂಡವನ್ನು ಕೊಳವೆಯಂತೆ ಸುತ್ತಿಕೊಂಡಿರುತ್ತದೆ. ಎಲೆ ಆ ಕೊಳವೆಯಿಂದ ಹೊರಕ್ಕೆ ಬಾಗುವ ಜಾಗದಲ್ಲಿ ಒಳಗಡೆ ಒಂದು ಪುಟ್ಟ ಪೊರೆಯೋ ಕೂದಲಿನ ಸಾಲೋ ಇರುತ್ತದೆ. ಎಲೆಗಳು ಕಾಂಡದ ಎರಡು ಪಕ್ಕದಲ್ಲಿ ಎರಡು ಸಾಲಾಗಿ ಬರುತ್ತವೆ. ವಿದ್ಯಾರ್ಥಿಯಾಗಿದ್ದಾಗ ನಾನು ಒಂದು ಜೇಕನ್ನು ಹುಲ್ಲಿನ ಕಟ್ಟಿನಲ್ಲಿ ಸೇರಿಸಿಟ್ಟಿದ್ದೆ. ಮೇಷ್ಟ್ರು ಏನೂ ಬೈಯಲಿಲ್ಲ. "ಬೆರಳಲ್ಲಿ ಉರುಳಿಸಿ ನೋಡು" ಎಂದರು. ಉರುಳಲೇ ಇಲ್ಲ, ಕಾಂಡ ಮೂರು ಮೂಲೆಯದು! ಜೇಕಿನಲ್ಲಿ ಎಲೆಗಳೂ ಮೂರು ಸಾಲು. ಅದು ಹುಲ್ಲಲ್ಲ, ಹುಲ್ಲಿನ ದೂರದ ನೆಂಟ. ಸಮುದ್ರದ ಹುಲ್ಲು ಎನ್ನುವುದಂತೂ ಇನ್ನೂ ದೂರ, ಹೆಸರಷ್ಟೇ ಹುಲ್ಲು.

ಆದರೆ ನಿಜವಾದ ಗುರುತು ಇರುವುದು ಹೂವಿನಲ್ಲಿ. ಹುಲ್ಲಿಗೂ ಹೂವಾ ಎಂದು ಕೇಳುವವರೇ ಜಾಸ್ತಿ. ಗಾಳಿಯೇ ಪರಾಗ ಹೊರುವುದರಿಂದ ಹುಲ್ಲಿಗೆ ಬಣ್ಣ, ವಾಸನೆ, ಜೇನು ಯಾವುದೂ ಬೇಕಿಲ್ಲ. ಭತ್ತದ ಕಾಳನ್ನು ಉಗುರಿನಲ್ಲಿ ಸುಲಿದರೆ ದೋಣಿಯಂಥ ಎರಡು ಚೂರು ಹೊಟ್ಟು ಸಿಗುತ್ತವಲ್ಲ, ಒಂದು ಹೂವಿನ ಹೊದಿಕೆ ಅದು. ಅಂಥ ಒಂದೋ ಹತ್ತೋ ಹೂಗಳು ಸೇರಿ, ಬುಡದಲ್ಲಿ ಇನ್ನೆರಡು ಹೊಟ್ಟು ಹೊದ್ದು, ಒಂದು ಕಿರುತೆನೆ ಆಗುತ್ತದೆ. ಗೋಧಿ, ಗರಿಕೆ, ಬಿದಿರು, ಕಬ್ಬು ಎಲ್ಲದರಲ್ಲೂ ಇದೇ ಕಿರುತೆನೆ, ಅಳತೆ ಜೋಡಣೆ ಮಾತ್ರ ಬೇರೆ. ಕಾಳೂ ವಿಶೇಷವೇ. ಬೀಜದ ಸಿಪ್ಪೆ ಮತ್ತು ಹಣ್ಣಿನ ಗೋಡೆ ಅಂಟಿಕೊಂಡು ಒಂದಾಗಿರುತ್ತವೆ. ಅಂದರೆ ಒಂದು ಗೋಧಿ ಕಾಳು ಬರೀ ಬೀಜವಲ್ಲ, ಪೂರ್ತಿ ಒಂದು ಹಣ್ಣು.

ಹಾಗಾದರೆ ಹೂವಿನ ದಳ ಎಲ್ಲಿ ಹೋಯಿತು? ಹೊಟ್ಟಿನ ಒಳಗೆ, ಕೇಸರಗಳ ಬುಡದಲ್ಲಿ, ಬರಿಗಣ್ಣಿಗೆ ಕಷ್ಟದಲ್ಲಿ ಕಾಣುವ ಎರಡು ಪುಟ್ಟ ಗುಬುಟುಗಳಿವೆ. ಲಾಡಿಕ್ಯೂಲ್ ಎನ್ನುತ್ತಾರೆ. ಹೂ ಅರಳುವ ಹೊತ್ತಿಗೆ ಅವು ನೀರು ಕುಡಿದು ಉಬ್ಬಿ ಹೊಟ್ಟನ್ನು ಆಚೆ ತಳ್ಳುತ್ತವೆ. ಇವು ದಳಗಳ ಉಳಿಕೆ ಎನ್ನುವುದು ಹಳೆಯ ಊಹೆ. ಅದಕ್ಕೆ ಬಲ ಬಂದದ್ದು ತಳಿವಿಜ್ಞಾನದಿಂದ. ಬೇರೆ ಹೂಗಳಲ್ಲಿ ದಳ ಮತ್ತು ಕೇಸರ ಮಾಡಿಸುವ ಜೀನ್ ಗುಂಪೇ ಹುಲ್ಲಿನಲ್ಲಿ ಲಾಡಿಕ್ಯೂಲ್ ಮತ್ತು ಕೇಸರ ಮಾಡಿಸುತ್ತದೆ. ಭತ್ತದಲ್ಲಿ ಅಂಥ ಒಂದು ಜೀನ್ ಕೆಟ್ಟರೆ ಲಾಡಿಕ್ಯೂಲ್ ಹೊಟ್ಟಿನಂತಾಗುತ್ತದೆ, ಕೇಸರಗಳು ಹೆಣ್ಣು ಭಾಗಗಳಾಗುತ್ತವೆ. ಆ ಜೀನಿಗೆ ಸೂಪರ್‌ವುಮನ್ ಎಂದು ಹೆಸರಿಟ್ಟಿದ್ದಾರೆ. ವಿಜ್ಞಾನಿಗಳಿಗೂ ತಮಾಷೆ ಬರುತ್ತದೆ.

ಈಗ "ಯಾರು ತೀರ್ಮಾನಿಸುತ್ತಾರೆ" ಎಂಬ ಪ್ರಶ್ನೆಗೆ ಬರೋಣ. ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಗಿಡಗಳನ್ನು ವಿಂಗಡಿಸಿದ್ದು ಮುಖ್ಯವಾಗಿ ಕೇಸರ ಎಣಿಸಿ. ಗೋಧಿಗೆ ಮೂರು ಕೇಸರ, ಅದು ಮೂರರ ಪಂಗಡಕ್ಕೆ ಹೋಯಿತು. ಭತ್ತಕ್ಕೆ ಆರು, ಅದು ಆರರ ಪಂಗಡಕ್ಕೆ. ಮೆಕ್ಕೆಜೋಳದಲ್ಲಿ ಗಂಡು ಹೂ ತಲೆಯ ಮೇಲೆ, ಹೆಣ್ಣು ಹೂ ಕಂಕುಳಲ್ಲಿ, ಹಾಗಾಗಿ ಅದು ಬೇರೆಯೇ ಪಂಗಡ. ಒಂದೇ ಮನೆಯ ಮಕ್ಕಳು ಮೂರು ಊರಿನ ಪಾಲಾದರು. ಎಣಿಸಲು ಸುಲಭ ಎನ್ನುವುದಷ್ಟೇ ಆ ಪದ್ಧತಿಯ ಗುಣ. 19ನೇ ಶತಮಾನದ ಶುರುವಿನಲ್ಲಿ ಇನ್ನೊಬ್ಬ ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ ಕೇಸರ ಬಿಟ್ಟು ಕಿರುತೆನೆಯನ್ನೇ ನೋಡಿದರು. ಕೆಲವು ಹುಲ್ಲುಗಳ ಕಿರುತೆನೆಯಲ್ಲಿ ಎರಡೇ ಹೂ, ಕಾಳು ಕಟ್ಟುವುದು ಮೇಲಿನದು. ಉಳಿದವುಗಳಲ್ಲಿ ಹೂಗಳು ತುದಿಯ ಕಡೆಗೆ ಸೊರಗುತ್ತವೆ. ಇದೊಂದೇ ಗುರುತಿನ ಮೇಲೆ ಅವರು ಹುಲ್ಲುಗಳನ್ನು ಎರಡು ಪಾಲು ಮಾಡಿದರು. ಭೂತಗನ್ನಡಿ ಬಿಟ್ಟರೆ ಬೇರೆ ಸಾಧನವಿಲ್ಲದ ಕಾಲದಲ್ಲಿ ಆ ಮೊದಲನೆಯ ಗುಂಪನ್ನು ಅವರು ಹಿಡಿದ ಪರಿ ನನಗೆ ಇವತ್ತಿಗೂ ಬೆರಗು. ಡಿಎನ್ಎ ಬಂದ ಮೇಲೂ ಅದರ ತಿರುಳು ಉಳಿದಿದೆ.

ಇಂದು ಯಾರೂ ಓಟು ಹಾಕಿ ತೀರ್ಮಾನಿಸುವುದಿಲ್ಲ. ಡಿಎನ್ಎ ಹೋಲಿಸಿ ವಂಶಾವಳಿ ಕಟ್ಟುತ್ತಾರೆ. ಅದನ್ನು ಬೇರೆಯವರು ಬೇರೆ ಜೀನ್‌ಗಳಿಂದ ಪರೀಕ್ಷಿಸುತ್ತಾರೆ. ಗ್ರಾಸ್ ಫೈಲಾಜೆನಿ ವರ್ಕಿಂಗ್ ಗ್ರೂಪ್ ಎಂಬ ಕೂಟ 2001ರಲ್ಲಿ ಒಂದು ದೊಡ್ಡ ಚೌಕಟ್ಟು ಕೊಟ್ಟಿತು, 2012ರಲ್ಲಿ ಅದನ್ನು ತಿದ್ದಿತು. ಈಗಿನ ಲೆಕ್ಕದಲ್ಲಿ ಹುಲ್ಲಿನ ಕುಟುಂಬದಲ್ಲಿ ಸುಮಾರು 12,000 ಪ್ರಭೇದ, 12 ಉಪಕುಟುಂಬ. ಮೊದಲು ಕವಲೊಡೆದ ಮೂರು ಬಹಳ ಚಿಕ್ಕವು, ಕಾಡಿನ ನೆರಳಿನಲ್ಲಿ ಬೆಳೆಯುವಂಥವು. ಅವುಗಳಲ್ಲಿ ಅನೊಮೊಕ್ಲೊವಾ ಎಂಬುದಕ್ಕೆ ಸರಿಯಾದ ಕಿರುತೆನೆಯೇ ಇಲ್ಲ. ಬಹುಕಾಲ ಕಾಣೆಯಾಗಿದ್ದ ಅದು ಬ್ರೆಜಿಲ್‌ನ ಬಾಹಿಯಾ ಪ್ರಾಂತದಲ್ಲಿ ಮತ್ತೆ ಸಿಕ್ಕಿತು. ಉಳಿದ ಒಂಬತ್ತು ಉಪಕುಟುಂಬಗಳು ಎರಡು ದೊಡ್ಡ ಕವಲುಗಳಲ್ಲಿವೆ. ಇಂಗ್ಲಿಷ್ ಮೊದಲಕ್ಷರ ಜೋಡಿಸಿ ಒಂದನ್ನು ಬಾಪ್, ಇನ್ನೊಂದನ್ನು ಪ್ಯಾಕ್‌ಮ್ಯಾಡ್ ಎನ್ನುತ್ತಾರೆ. ಬಾಪ್‌ನಲ್ಲಿ ಬಿದಿರು, ಭತ್ತ, ಗೋಧಿ ಮತ್ತು ಅವುಗಳ ಬಳಗ. ಪ್ಯಾಕ್‌ಮ್ಯಾಡ್‌ನಲ್ಲಿ ಜೋಳ, ಕಬ್ಬು, ಸಜ್ಜೆ, ನವಣೆ, ರಾಗಿ, ಗರಿಕೆ.

ಇಲ್ಲಿ ಸ್ವಲ್ಪ ನಿಂತು ನೋಡಿ. ಭತ್ತಕ್ಕೆ ಜೋಳಕ್ಕಿಂತ ಬಿದಿರು ಹತ್ತಿರದ ನೆಂಟ. ರಾಗಿಗೆ ನವಣೆಗಿಂತ ಗರಿಕೆ ಹತ್ತಿರ, ಎರಡೂ ಒಂದೇ ಉಪಕುಟುಂಬ. ಸಿರಿಧಾನ್ಯ ಎಂದು ನಾವು ಒಟ್ಟಿಗೆ ಕರೆಯುವುದು ಕಾಳಿನ ಗಾತ್ರ ನೋಡಿ, ವಂಶ ನೋಡಿ ಅಲ್ಲ. ಆದರೆ ಮೆಕ್ಕೆಜೋಳಕ್ಕೆ ಕನ್ನಡದಲ್ಲಿ ಜೋಳ ಎಂದೇ ಹೆಸರಿಟ್ಟವರು ಗುರಿ ತಪ್ಪಲಿಲ್ಲ. ಅಮೆರಿಕದಿಂದ ಬಂದ ಗಿಡವಾದರೂ ಅದು ಜೋಳಕ್ಕೆ ನಿಜವಾಗಿಯೂ ದಾಯಾದಿ. ಇಬ್ಬರೂ ಬೇರೆಯಾಗಿ ಸುಮಾರು 1.2 ಕೋಟಿ ವರ್ಷವಷ್ಟೇ ಆಗಿದೆ. ಕಬ್ಬೂ ಅದೇ ಬಳಗ.

ಸಜ್ಜೆಯ ವಿಷಯ. ಹೂವಿನ ಸುತ್ತ ಬಿಡಿಬಿಡಿಯಾದ ಬಿರುಗೂದಲಿದ್ದರೆ ಪೆನ್ನಿಸೀಟಮ್, ಆ ಕೂದಲು ಬೆಸೆದುಕೊಂಡು ಬಟ್ಟೆಗೆ ಅಂಟುವ ಮುಳ್ಳುಗಾಯಿ ಆಗಿದ್ದರೆ ಸೆಂಕ್ರಸ್. ಹೀಗೆ ಹೇಳಿಕೊಡುತ್ತಿದ್ದರು. ಆದರೆ ನಡುವಿನ ರೂಪಗಳು ಯಾವಾಗಲೂ ತಲೆನೋವು. ಡಿಎನ್ಎ ನೋಡಿದಾಗ ಸೆಂಕ್ರಸ್ ಒಂದು ಬೇರೆ ಕವಲಲ್ಲ, ಪೆನ್ನಿಸೀಟಮ್‌ನ ಒಳಗೇ ಹುಟ್ಟಿದ ಕವಲು ಎಂದು ಗೊತ್ತಾಯಿತು. ಮಗನನ್ನು ಹೊರಗಿಟ್ಟು ಮನೆತನ ಬರೆಯುವ ಹಾಗಿಲ್ಲವಲ್ಲ? 2010ರಲ್ಲಿ ಎರಡನ್ನೂ ಒಂದು ಮಾಡಿದರು. ಒಂದು ಮಾಡಿದಾಗ ಹಳೆಯ ಹೆಸರಿಗೆ ಪಟ್ಟ ಎನ್ನುವುದು ನಿಯಮ. ಸೆಂಕ್ರಸ್ ಲಿನೇಯಸ್ ಕಾಲದ್ದು, 1753. ಪೆನ್ನಿಸೀಟಮ್ 1805ರದ್ದು. ಹೀಗಾಗಿ ಪೆನ್ನಿಸೀಟಮ್ ಗ್ಲಾಕಮ್ ಹೋಗಿ ಸೆಂಕ್ರಸ್ ಅಮೆರಿಕಾನಸ್ ಆಯಿತು. ಗ್ಲಾಕಸ್ ಎಂದೇ ಉಳಿಸಬಹುದಿತ್ತು ಅನ್ನಿಸಬಹುದು. ಆದರೆ ಸೆಂಕ್ರಸ್ ಗ್ಲಾಕಸ್ ಎಂಬ ಹೆಸರು ಆಗಲೇ ಬೇರೊಂದು ಹುಲ್ಲಿಗೆ ಹೋಗಿತ್ತು. ತಮಾಷೆ ಎಂದರೆ ಸಜ್ಜೆ ಪಳಗಿದ್ದು ಆಫ್ರಿಕದಲ್ಲಿ, ಹೆಸರಿನಲ್ಲಿರುವುದು ಅಮೆರಿಕ. ವಂಶಾವಳಿಯ ದೃಷ್ಟಿಯಿಂದ ಸೆಂಕ್ರಸ್ ಸರಿ. ತಳಿ ಅಭಿವೃದ್ಧಿಯವರು ಇನ್ನೂ ಪೆನ್ನಿಸೀಟಮ್ ಎನ್ನುತ್ತಾರೆ, ಅದರಿಂದ ಯಾರಿಗೂ ನಷ್ಟವಿಲ್ಲ. ನಾನಾದರೆ ಮೊದಲ ಸಲ ಎರಡನ್ನೂ ಬರೆಯುತ್ತೇನೆ. ಕುಟುಂಬಕ್ಕೂ ಹೀಗೇ ಗ್ರ್ಯಾಮಿನೇ ಮತ್ತು ಪೋಯೇಸೀ ಎಂಬ ಎರಡು ಹೆಸರಿದ್ದು, ಎರಡನ್ನೂ ನಿಯಮವೇ ಒಪ್ಪುತ್ತದೆ.

ಹುಲ್ಲು ಎಷ್ಟು ಹಳೆಯದು ಎಂದು ನೀವು ಕೇಳಿಲ್ಲ, ಆದರೂ ಹೇಳದೆ ಮುಂದೆ ಹೋಗಲಾರೆ. ಡೈನೊಸಾರ್‌ಗಳು ಅಳಿದ ಮೇಲೆ ಹುಲ್ಲು ಬಂತು ಎಂದೇ ಬಹಳ ಕಾಲ ನಂಬಿದ್ದರು. 2005ರಲ್ಲಿ ವಂದನಾ ಪ್ರಸಾದ್, ಕ್ಯಾರೊಲಿನ್ ಸ್ಟ್ರೋಂಬರ್ಗ್ ಮತ್ತು ಜೊತೆಗಾರರು ಮಹಾರಾಷ್ಟ್ರದ ಪಿಸ್ದುರಾದಲ್ಲಿ ಸಿಕ್ಕ ಡೈನೊಸಾರ್ ಲದ್ದಿಯ ಪಳೆಯುಳಿಕೆಯನ್ನು ಪರೀಕ್ಷಿಸಿದರು. ಹುಲ್ಲು ತನ್ನ ಜೀವಕೋಶಗಳಲ್ಲಿ ಸಿಲಿಕಾ ತುಂಬಿಕೊಳ್ಳುತ್ತದೆ. ಎಲೆ ಕೊಳೆತರೂ ಆ ಗಾಜಿನಂಥ ಕಣಗಳು ಅದೇ ಆಕಾರದಲ್ಲಿ ಉಳಿಯುತ್ತವೆ, ಆಕಾರ ನೋಡಿ ಯಾವ ಗುಂಪಿನ ಹುಲ್ಲು ಎಂದು ಹೇಳಬಹುದು. ಆ ಲದ್ದಿಯಲ್ಲಿ ಕನಿಷ್ಠ ಐದು ಬಗೆಯ ಹುಲ್ಲಿನ ಕಣಗಳಿದ್ದವು! ಅಂದರೆ ಆರೂವರೆ ಕೋಟಿ ವರ್ಷಗಳ ಹಿಂದೆಯೇ ಹುಲ್ಲು ಇತ್ತು, ಅಷ್ಟೇ ಅಲ್ಲ, ಆಗಲೇ ಹಲವು ಕವಲಾಗಿತ್ತು. ಆದರೆ ಕಣ್ಣು ಹಾಯುವವರೆಗೆ ಹಬ್ಬಿದ ಹುಲ್ಲುಗಾವಲು ಬಂದದ್ದು ಬಹಳ ತಡವಾಗಿ. ಬೆಳವಣಿಗೆಯ ಜಾಗ ತುದಿಯಲ್ಲಷ್ಟೇ ಅಲ್ಲದೆ ಗೆಣ್ಣಿನ ಮತ್ತು ಎಲೆಯ ಬುಡದಲ್ಲೂ ಇರುವುದರಿಂದ, ಮೇಲಿನದನ್ನು ದನ ಮೇಯ್ದರೂ ಬೆಂಕಿ ತಿಂದರೂ ಹುಲ್ಲು ಮತ್ತೆ ಏಳುತ್ತದೆ. ಆ ಗುಣ ಮೊದಲು ಕಾಡಿನ ನೆರಳಿನಲ್ಲಿ ಸುಮ್ನೆ ಕೂತಿತ್ತು.

ಈಗ ಜೀನೋಮ್, ಅಂದರೆ ಒಂದು ಜೀವಿಯ ಡಿಎನ್ಎಯ ಪೂರ್ತಿ ಪಾಠ. ಇಲ್ಲಿಂದಲೇ ನನ್ನ ಮುಖ್ಯ ಮಾತು ಶುರು. ವಂಶವೃಕ್ಷ ಎಂದಾಗ ನಾವು ಕವಲೊಡೆಯುವ ಮರವನ್ನು ನೆನೆಯುತ್ತೇವೆ. ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಹುಲ್ಲುಗಳು ಅಷ್ಟಕ್ಕೇ ನಿಲ್ಲುವುದಿಲ್ಲ. ಬೇರೆಯಾದ ಕವಲುಗಳು ಮತ್ತೆ ಕೂಡುತ್ತವೆ, ಇಡೀ ಜೀನೋಮ್ ದುಪ್ಪಟ್ಟಾಗುತ್ತದೆ, ಕೆಲವೊಮ್ಮೆ ಪಕ್ಕದ ಗಿಡದಿಂದ ಜೀನ್ ಕಡ ಬರುತ್ತದೆ. ಮರಕ್ಕಿಂತ ಬಲೆಯ ಹೋಲಿಕೆ ಸರಿ.

ಭತ್ತದ 12 ಜೋಡಿ ವರ್ಣತಂತುಗಳನ್ನು (ಡಿಎನ್ಎ ಸುತ್ತಿಟ್ಟ ಎಳೆಗಳನ್ನು) ಓದಿದಾಗ ಒಂದು ತುಂಡಿನ ಜೀನ್ ಸಾಲು ಇನ್ನೊಂದು ವರ್ಣತಂತುವಿನಲ್ಲಿ ಹೆಚ್ಚುಕಡಿಮೆ ಅದೇ ಕ್ರಮದಲ್ಲಿ ಮತ್ತೆ ಕಂಡಿತು. ಗೋಧಿ, ಜೋಳಗಳಲ್ಲೂ ಅದೇ ಗುರುತು. ಅಂದರೆ ಬಾಪ್, ಪ್ಯಾಕ್‌ಮ್ಯಾಡ್ ಬೇರೆಯಾಗುವ ಮೊದಲೇ, ಎಲ್ಲರ ಮುತ್ತಜ್ಜನಲ್ಲಿ, ಇಡೀ ಜೀನೋಮ್ ಒಮ್ಮೆ ದುಪ್ಪಟ್ಟಾಗಿತ್ತು. ಜೀನ್‌ಗಳ ಸಾಲು ಬೇರೆ ಬೇರೆ ಧಾನ್ಯಗಳಲ್ಲಿ ಎಷ್ಟು ಹೊಂದುತ್ತದೆ ಎಂದರೆ, 1995ರಲ್ಲಿ ಗ್ರಹಾಂ ಮೂರ್, ಮೈಕ್ ಗೇಲ್ ಮತ್ತು ಜೊತೆಗಾರರು ಅವನ್ನೆಲ್ಲ ಒಂದರ ಸುತ್ತ ಒಂದು ಬಳೆಯಂತೆ ಜೋಡಿಸಿ ತೋರಿಸಿದರು. ಮೆಕ್ಕೆಜೋಳಕ್ಕೆ ಜೋಳದಿಂದ ದೂರವಾದ ಹಾದಿಯಲ್ಲಿ ಇನ್ನೊಮ್ಮೆ ದುಪ್ಪಟ್ಟಾಯಿತು. ಆಮೇಲೆ ವರ್ಣತಂತುಗಳು ಒಂದರೊಳಗೊಂದು ಸೇರಿಕೊಂಡು ಸಂಖ್ಯೆ ಮತ್ತೆ ಇಳಿಯಿತು. ಇವತ್ತು ಎರಡಕ್ಕೂ ಹತ್ತತ್ತು ಜೋಡಿ. ನೋಡಿದವರು ಏನೂ ಬದಲಾಗಿಲ್ಲ ಅಂದುಕೊಳ್ಳಬೇಕು, ಅಲ್ವಾ? ಒಳಗೆ ಇಷ್ಟೆಲ್ಲ ನಡೆದಿದೆ.

ಗೋಧಿಯ ಬಗ್ಗೆ ನೀವು ಓದಿದ್ದು ನಿಜ. ಮನುಷ್ಯನ ಜೀನೋಮ್ ಸುಮಾರು 300 ಕೋಟಿ ಅಕ್ಷರ, ಬ್ರೆಡ್ ಗೋಧಿಯದು ಸುಮಾರು 1,600 ಕೋಟಿ. ಭತ್ತದ್ದು 40 ಕೋಟಿಯಷ್ಟೇ, ಅದನ್ನು 2005ರಲ್ಲೇ ಓದಿ ಮುಗಿಸಿದರು. ಗೋಧಿಯ ಸರಿಯಾದ ಪಾಠ ಬರಲು 2018 ಆಯಿತು. ಯಾಕೆ ಬೇಕು ಅಷ್ಟೆಲ್ಲ ಎಂದರೆ, ಬೇಕು ಅಂತ ಇಟ್ಟುಕೊಂಡದ್ದಲ್ಲ, ಸೇರಿಹೋದದ್ದು. ಮೊದಲು ಟ್ರಿಟಿಕಮ್ ಉರಾರ್ಟು ಎಂಬ ಕಾಡುಗೋಧಿಯ ಬಳಗ ಮತ್ತು ಈಜಿಲಾಪ್ಸ್ ಸ್ಪೆಲ್ಟಾಯ್ಡಿಸ್‌ನ ಬಳಗದ ಹುಲ್ಲೊಂದು ಕೂಡಿದವು. ಎರಡರ ವರ್ಣತಂತುಗಳೂ ಹಾಗೇ ಉಳಿದು ಕಾಡು ಎಮ್ಮರ್ ಗೋಧಿ ಹುಟ್ಟಿತು. ಮನುಷ್ಯರು ಎಮ್ಮರ್ ಬೆಳೆಯತೊಡಗಿದ ಮೇಲೆ, ಇಂದಿಗೆ ಎಂಟೋ ಹತ್ತೋ ಸಾವಿರ ವರ್ಷಗಳ ಹಿಂದೆ, ಕ್ಯಾಸ್ಪಿಯನ್ ಸಮುದ್ರದ ದಕ್ಷಿಣದ ಕಡೆ ಈಜಿಲಾಪ್ಸ್ ಟೌಷಿಯೈ ಎಂಬ ಮೂರನೆಯ ಹುಲ್ಲು ಸೇರಿತು. ಹೀಗೆ ಎ, ಬಿ, ಡಿ ಎಂಬ ಮೂರು ಜೀನೋಮ್, ಒಟ್ಟು 42 ವರ್ಣತಂತು. ಬ್ರೆಡ್ ಗೋಧಿಗೆ ಕಾಡಿನ ರೂಪವೇ ಇಲ್ಲ, ಅದು ಹುಟ್ಟಿದ್ದೇ ಹೊಲದಲ್ಲಿ.

ಮೂರು ಸಂಸಾರ ಒಂದೇ ಮನೆಯಲ್ಲಿ ಇದ್ದರೆ ಗಲಾಟೆ ಆಗಬೇಕಲ್ಲ? ಪರಾಗ, ಅಂಡಕೋಶ ಆಗುವಾಗ ವರ್ಣತಂತುಗಳು ಜೋಡಿ ಹುಡುಕುತ್ತವೆ. ಎ ಗುಂಪಿನದು ಬಿ ಗುಂಪಿನ ಜೊತೆ ಜೋಡಿಯಾದರೆ ಗಿಡ ಬಂಜೆ. ಹಾಗಾಗದಂತೆ ಕಾಯುವ ಒಂದು ತಾಣ 5ಬಿ ವರ್ಣತಂತುವಿನಲ್ಲಿದೆ, ಪಿಎಚ್1 ಎಂದು ಹೆಸರು. 1950ರ ದಶಕದ ಕೊನೆಯಲ್ಲೇ ಇದು ಗೊತ್ತಾಗಿತ್ತು. ಆ ತಾಣ ತೆಗೆದರೆ ಜೋಡಿಗಳು ಅದಲುಬದಲಾಗುತ್ತವೆ. ರಾಗಿಯೂ ಹೀಗೇ ಎರಡು ಜೀನೋಮ್ ಕೂಡಿದ್ದು, 36 ವರ್ಣತಂತು, ಅದರಲ್ಲಿ ಒಂದು ಪಾಲು ಕಾಡುರಾಗಿ ಎನ್ನುವ ಎಲ್ಯುಸೀನ್ ಇಂಡಿಕಾದ ಬಳಗದಿಂದ ಬಂದದ್ದು. ಕಬ್ಬು ಇನ್ನೂ ಗೋಜಲು. ಇಂದಿನ ತಳಿಗಳು ಸಿಹಿ ಕಬ್ಬು ಮತ್ತು ಕಾಡು ಕಬ್ಬಿನ ಮಿಶ್ರಣ, 100ಕ್ಕೂ ಮೇಲೆ ವರ್ಣತಂತು. ತಳಿಯಿಂದ ತಳಿಗೆ ಸಂಖ್ಯೆಯೂ ಬೇರೆ.

ಗೋಧಿಯ ಗಾತ್ರಕ್ಕೆ ಇನ್ನೊಂದು ಕಾರಣವೂ ಇದೆ. ಅದರ ಜೀನೋಮ್‌ನ ಸುಮಾರು ಶೇ. 85 ಭಾಗ ಮತ್ತೆ ಮತ್ತೆ ಬರುವ ಪ್ರತಿಗಳು. ಬಹುಪಾಲು ಜಿಗಿಯುವ ಜೀನ್‌ಗಳು, ತಮ್ಮನ್ನೇ ನಕಲು ಮಾಡಿ ಇನ್ನೊಂದು ಕಡೆ ಸೇರಿಸುವಂಥವು. ಇವನ್ನು ಮೊದಲು ಹಿಡಿದದ್ದು ಇನ್ನೊಂದು ಹುಲ್ಲಿನಲ್ಲೇ. ಬಾರ್ಬರಾ ಮೆಕ್ಲಿಂಟಾಕ್ ಮೆಕ್ಕೆಜೋಳದ ಕಾಳಿನ ಬಣ್ಣದ ಚುಕ್ಕೆ ನೋಡಿ 1940ರ ದಶಕದಲ್ಲಿ ಕಂಡುಕೊಂಡರು. ಬಹಳ ಜನ ಕಿವಿಗೊಡಲಿಲ್ಲ. ನೊಬೆಲ್ ಬಂದದ್ದು 1983ರಲ್ಲಿ. ಮೆಕ್ಕೆಜೋಳದ ಕಾಡು ಪೂರ್ವಜ ಟಿಯೊಸಿಂಟೆ, ಮೆಕ್ಸಿಕೊದ್ದು. ಪೊದೆಯಂತೆ ಕವಲೊಡೆಯುವ ಗಿಡ, ಕಲ್ಲಿನಂಥ ಚಿಪ್ಪಿನೊಳಗೆ ಒಂದೊಂದು ಕಾಳು. ಇದೇ ಮೆಕ್ಕೆಜೋಳ ಆಯಿತು ಎಂದರೆ ಬಹಳ ಜನ ನಂಬಲಿಲ್ಲ. ಜಾರ್ಜ್ ಬೀಡಲ್ ಎರಡನ್ನೂ ಕೂಡಿಸಿ, ಮೊಮ್ಮಕ್ಕಳ ತಲೆಮಾರಿನ ಸುಮಾರು 50,000 ಗಿಡ ಬೆಳೆಸಿ ಎಣಿಸಿದರು. ಸುಮಾರು ಐನೂರಕ್ಕೊಂದು ಗಿಡ ಪೂರ್ತಿ ಟಿಯೊಸಿಂಟೆಯಂತೆ, ಇನ್ನೊಂದು ಪೂರ್ತಿ ಮೆಕ್ಕೆಜೋಳದಂತೆ ಬಂತು. ಆ ಲೆಕ್ಕದಿಂದ ದೊಡ್ಡ ವ್ಯತ್ಯಾಸಗಳ ಹಿಂದೆ ನಾಲ್ಕೈದು ಜೀನ್ ಇರಬೇಕು ಎಂದರು. ಕವಲೊಡೆಯುವುದನ್ನು ತಡೆದು ಒಂಟಿ ದಂಟು ಮಾಡಿದ ಜೀನ್ ಆಮೇಲೆ ಸಿಕ್ಕಿತು. ಅದರ ಪಕ್ಕ ಬಂದು ಕೂತು ಅದನ್ನು ಜೋರು ಮಾಡಿದ್ದು ಏನು ಗೊತ್ತೆ? ಒಂದು ಜಿಗಿಯುವ ಜೀನ್.

ಕೊನೆಗೆ ಉಳಿದದ್ದು ಜೀನ್ ಕಡ ತರುವ ಮಾತು. ಅದು ತಿಳಿಯಲು ಮೊದಲು ಎಲೆಯ ಒಂದು ಉಪಾಯ ನೋಡಬೇಕು. ಗಾಳಿಯ ಇಂಗಾಲವನ್ನು ಹಿಡಿಯುವ ಕಿಣ್ವಕ್ಕೆ ಒಂದು ದುರಭ್ಯಾಸವಿದೆ, ಸೆಕೆಯಲ್ಲಿ ಅದು ಇಂಗಾಲದ ಡೈಆಕ್ಸೈಡ್ ಬದಲು ಆಮ್ಲಜನಕ ಹಿಡಿದು ಶ್ರಮ ಹಾಳು ಮಾಡುತ್ತದೆ. ಜೋಳ, ಕಬ್ಬು, ರಾಗಿ ಇದಕ್ಕೆ ದಾರಿ ಕಂಡುಕೊಂಡಿವೆ. ಎಲೆಯ ನರದ ಸುತ್ತ ಹೂಮಾಲೆಯಂತೆ ಜೀವಕೋಶ ಜೋಡಿಸಿ, ಹೊರಗಿನಿಂದ ಇಂಗಾಲವನ್ನು ಪಂಪು ಮಾಡಿ ಅಲ್ಲಿಗೆ ತುಂಬುತ್ತವೆ. ಇದಕ್ಕೆ ಸಿ4 ಎಂದು ಹೆಸರು. ಹ್ಯಾಚ್ ಮತ್ತು ಸ್ಲ್ಯಾಕ್ 1966ರಲ್ಲಿ ಕಬ್ಬಿನ ಎಲೆಯಲ್ಲಿ ಇದರ ರಾಸಾಯನಿಕ ಹಾದಿ ತೋರಿಸಿದರು. ಹುಲ್ಲುಗಳಲ್ಲಿ ಈ ಉಪಾಯ ಒಮ್ಮೆ ಹುಟ್ಟಿ ಹಂಚಿಕೆಯಾದದ್ದಲ್ಲ. ಇಪ್ಪತ್ತಕ್ಕೂ ಹೆಚ್ಚು ಸಲ ಬೇರೆ ಬೇರೆಯಾಗಿ ಹುಟ್ಟಿದೆ, ಅಷ್ಟೂ ಪ್ಯಾಕ್‌ಮ್ಯಾಡ್ ಕವಲಿನಲ್ಲೇ. ಭತ್ತ, ಗೋಧಿ, ಬಿದಿರಿನ ಕಡೆ ಒಂದು ಸಲವೂ ಇಲ್ಲ.

ಆಫ್ರಿಕ, ಏಷ್ಯಾ, ಆಸ್ಟ್ರೇಲಿಯಾಗಳಲ್ಲಿ ಬೆಳೆಯುವ ಅಲೊಟೆರಾಪ್ಸಿಸ್ ಸೆಮಿಅಲಾಟಾ ಎಂಬ ಹುಲ್ಲು ಇದೆ. ಒಂದೇ ಪ್ರಭೇದ, ಆದರೆ ಕೆಲವು ಕಡೆಯ ಗಿಡಗಳು ಸಿ4, ಕೆಲವು ಕಡೆಯವು ಹಳೆಯ ಪದ್ಧತಿಯವು. ಅದರ ಸಿ4 ಜೀನ್‌ಗಳನ್ನು ವಂಶಾವಳಿಯಲ್ಲಿಟ್ಟು ನೋಡಿದರೆ ಕೆಲವು ತಮ್ಮ ಸ್ವಂತ ಬಳಗದ ಪಕ್ಕ ಕೂರಲೇ ಇಲ್ಲ. ದೂರದ ಬೇರೆ ಹುಲ್ಲುಗಳ ಪಕ್ಕ ಹೋಗಿ ಕೂತವು. ಅಪ್ಪ ಅಮ್ಮನಿಂದ ಬಂದ ಆಸ್ತಿಯಲ್ಲ, ಹೊರಗಿನಿಂದ ತಂದದ್ದು. 2019ರಲ್ಲಿ ಇದರ ಇಡೀ ಜೀನೋಮ್ ಹುಡುಕಿದಾಗ ಹೀಗೆ ಹೊರಗಿನಿಂದ ಬಂದ 59 ಜೀನ್ ಸಿಕ್ಕವು, ಕನಿಷ್ಠ ಒಂಬತ್ತು ಬೇರೆ ಹುಲ್ಲುಗಳಿಂದ. ಎಲೆ, ಕಿರುತೆನೆ, ಬಹುಪಾಲು ಜೀನ್ ಎಲ್ಲವೂ ಅಲೊಟೆರಾಪ್ಸಿಸ್ ಎಂದೇ ಹೇಳುತ್ತವೆ. ಆ 59 ಮಾತ್ರ ಬೇರೆ ಮನೆತನದ ಹೆಸರು ಹೇಳುತ್ತವೆ.